ಮುಂಬೈ–ಮಂಗಳೂರು ವಿಮಾನ: ಟಿಕೆಟಿನ ಸಮಯ ಬೇರೆ, ಹಾರುವ ಸಮಯ ಬೇರೆ

ಈ ವಿಮಾನ ಪ್ರಯಾಣಕ್ಕೆ ಬೇಸಗೆಯಲ್ಲಿ ಐದಕ್ಕೆ ನಾಲ್ಕೂವರೆ ಅಂಕ, ಮಳೆಗಾಲದಲ್ಲಿ ಮೂರು. ವರ್ಷವಿಡೀ ಊರಿಗೆ ಓಡಾಡುವ ಮುಂಬೈಕರರಿಗೆ ಕಾರಣ ಗೊತ್ತಿರುತ್ತದೆ. ಹೊಸಬರಿಗಾಗಿ ಈ ವಿವರ.

ನೇರ ದೂರ ಸುಮಾರು 715 ಕಿ.ಮೀ. ಟಿಕೆಟಿನಲ್ಲಿ ಸಾಮಾನ್ಯವಾಗಿ 1 ಗಂಟೆ 35 ನಿಮಿಷದ ಆಸುಪಾಸು ಇರುತ್ತದೆ. ಅದು ನಿಂತ ಜಾಗ ಬಿಟ್ಟು ಮತ್ತೆ ನಿಲ್ಲುವವರೆಗಿನ ಲೆಕ್ಕ. ಗಾಳಿಯಲ್ಲಿ ಇರುವುದು 1 ಗಂಟೆ 10 ನಿಮಿಷದಷ್ಟೇ. ಮಿಕ್ಕಿದ್ದರಲ್ಲಿ ಹೆಚ್ಚಿನದನ್ನು ನುಂಗುವುದು ಮುಂಬೈ. ಸಾಂತಾಕ್ರೂಜ್ ಕಡೆಯ ಟರ್ಮಿನಲ್ 1 ಇರುವುದು ಪಶ್ಚಿಮಕ್ಕೆ. ವಿಮಾನ ಬಹುಪಾಲು ಸಮುದ್ರದ ಕಡೆಗೇ ಏರುವುದರಿಂದ ಮೊದಲು ಪೂರ್ವದ ತುದಿಯವರೆಗೆ ಉರುಳಿಕೊಂಡು ಹೋಗಬೇಕು. ಎರಡು ರನ್‌ವೇಗಳಿದ್ದರೂ ಒಂದನ್ನೊಂದು ಕತ್ತರಿಸುತ್ತವೆ, ಹಾಗಾಗಿ ಎರಡರಲ್ಲೂ ಒಟ್ಟಿಗೆ ಹತ್ತಿಸಿ ಇಳಿಸುವ ಹಾಗಿಲ್ಲ. ಬೆಳಿಗ್ಗೆ ಏಳೆಂಟರ ಸುಮಾರಿಗೆ ಸಾಲಿನಲ್ಲೇ 20 ನಿಮಿಷ ಕಳೆಯುವುದುಂಟು. ಈ ಕಾಯುವಿಕೆಯನ್ನು ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿರುವುದರಿಂದ, ಸ್ವಲ್ಪ ತಡವಾಗಿ ಹೊರಟ ವಿಮಾನವೂ ಮಂಗಳೂರಿಗೆ ಸಮಯಕ್ಕೆ ಸರಿಯಾಗಿ ಮುಟ್ಟುತ್ತದೆ.

ವಾಪಸು ಬರುವಾಗ ಆ ಅನುಕೂಲ ಇಲ್ಲ. ದಕ್ಷಿಣದಿಂದ ಬಂದ ವಿಮಾನ ಒಳನಾಡಿನ ಕಡೆ ಸುತ್ತಿ, ಘಾಟ್ಕೋಪರಿನ ಛಾವಣಿಗಳ ಮೇಲಿಂದ ಪಶ್ಚಿಮಾಭಿಮುಖವಾಗಿ ಇಳಿಯಬೇಕು. ದಟ್ಟಣೆ ಇದ್ದರೆ ಮೇಲೆಯೇ ಗಿರಕಿ.

ಮಳೆಗಾಲದಲ್ಲಿ ತೊಂದರೆ ಕೊಡುವುದು ಇನ್ನೊಂದು ತುದಿ. ಮಂಗಳೂರು ನಿಲ್ದಾಣ ಇರುವ ಬಜ್ಪೆ ಬಳಿಯ ಕೆಂಜಾರಿನ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಉದ್ದ 2,450 ಮೀಟರ್, ತುದಿಗಳಲ್ಲಿ ಕಣಿವೆ. ಮೋಡ ತಗ್ಗಿದರೆ, ಜಡಿಮಳೆ ಹಿಡಿದರೆ ಪೈಲಟ್ ಇಳಿಸುವುದಿಲ್ಲ. ಇಳಿಸಲೂ ಬಾರದು, 2010ರ ಮೇ 22ರ ವಿಮಾನ ದುರಂತ ಯಾರಿಗೂ ಮರೆತಿಲ್ಲ. ಸ್ವಲ್ಪ ಹೊತ್ತು ಸುತ್ತಿ ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸುತ್ತಾರೆ. ಅಲ್ಲಿ ಇಂಧನ ತುಂಬಿಸಿ, ಹವಾಮಾನ ತಿಳಿಯಾದ ಮೇಲೆ ಮರಳುವಷ್ಟರಲ್ಲಿ ಎರಡು ಮೂರು ಗಂಟೆ ಹೋಗಿರುತ್ತದೆ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ದಿನದ ಕೊನೆಯ ವಿಮಾನ ಬೇಡ. ಅದು ಬೇರೆಡೆ ಇಳಿದರೆ ರಾತ್ರಿ ಅಲ್ಲೇ.

ರದ್ದಾದಾಗ ಟಿಕೆಟಿನ ಆ ಸಮಯವೇ ಲೆಕ್ಕಕ್ಕೆ ಬರುತ್ತದೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಲ್ಲಿ 1ರಿಂದ 2 ಗಂಟೆಯ ಪ್ರಯಾಣಕ್ಕೆ ಪರಿಹಾರ 7,500 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಕಡಿಮೆ ಇದ್ದದ್ದು. ಆದರೆ ಹವಾಮಾನ ಕಾರಣವಾದರೆ ಪರಿಹಾರವಿಲ್ಲ. ಟಿಕೆಟಿನ ಹಣ ಅಥವಾ ಬೇರೆ ವಿಮಾನ, ಅಷ್ಟೇ. 2 ಗಂಟೆಗೂ ಹೆಚ್ಚು ತಡವಾದರೆ ತಿಂಡಿ ಕೇಳಿ ಪಡೆಯಿರಿ, ಕೇಳದೆ ಕೊಡುವುದು ಅಪರೂಪ.

ಡೊಂಬಿವಿಲಿ, ಥಾಣೆ ಕಡೆಯವರು, ಅದರಲ್ಲೂ ಉಡುಪಿ–ಕುಂದಾಪುರಕ್ಕೆ ಹೋಗುವವರು, ಮನೆಯಿಂದ ಮನೆಗೆ ಲೆಕ್ಕ ಹಾಕಿ. ಬಜ್ಪೆಯಿಂದ ಉಡುಪಿಗೆ ಮತ್ತೆ ಒಂದೂವರೆ ಗಂಟೆ ರಸ್ತೆ. ಒಟ್ಟು ಏಳು ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ಮತ್ಸ್ಯಗಂಧ ರೈಲು ಥಾಣೆಯಲ್ಲೇ ನಿಲ್ಲುತ್ತದೆ, ರಾತ್ರಿ ಮಲಗಿದರೆ ಬೆಳಕು ಹರಿಯುವಾಗ ಉಡುಪಿ. ಇನ್ನು ನವಿ ಮುಂಬೈಯಲ್ಲೂ ವಿಮಾನ ನಿಲ್ದಾಣ ಶುರುವಾಗಿರುವುದರಿಂದ ಟಿಕೆಟಿನಲ್ಲಿ ಬಿಒಎಂ (ಮುಂಬೈ) ಇದೆಯೋ ಎನ್‌ಎಂಐ (ನವಿ ಮುಂಬೈ) ಇದೆಯೋ ನೋಡಿಯೇ ಓಲಾ ಕರೆಯಿರಿ.

ಊರಿಂದ ಬರುವಾಗ ತೆಂಗಿನಕಾಯಿ ಚೆಕ್-ಇನ್ ಬ್ಯಾಗಿನಲ್ಲಿರಲಿ. ಒಣ ಕೊಬ್ಬರಿ ಎಲ್ಲೂ ಬೇಡ; ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿದೆ, ಸ್ಕ್ಯಾನರಿನಲ್ಲಿ ಕಂಡರೆ ತೆಗೆಸಿಯೇ ತೆಗೆಸುತ್ತಾರೆ.