ಮೈಸೂರಿನಲ್ಲಿ ಬಿಲ್ಲು ಹಿಡಿದ ನಾಲ್ಕು ಭಾನುವಾರ

ಅಮೆರಿಕದಲ್ಲಿರುವ ಭಾವಮೈದ ಬಿಲ್ಲಿನ ಬೇಟೆಯ ಕೋರ್ಸ್ ಮುಗಿಸಿ ಫೋನಿನಲ್ಲಿ ಕೊಚ್ಚಿಕೊಂಡ. ಅಲ್ಲಿ ಕೆಲವು ರಾಜ್ಯಗಳಲ್ಲಿ ಆ ಸರ್ಟಿಫಿಕೇಟ್ ಇಲ್ಲದೆ ಬಿಲ್ಲು ಹಿಡಿದು ಬೇಟೆಗೆ ಹೋಗುವ ಹಾಗಿಲ್ಲವಂತೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆಯ ಮಾತೇ ಬೇಡ. ಗುರಿಹಲಗೆಗಾದರೂ ಹೊಡೆಯೋಣ ಅಂತ ಮಂಡ್ಯದಿಂದ ಮೈಸೂರಿನ ಬಿಲ್ಲುಗಾರಿಕೆ ತರಗತಿಗೆ ರೈಲು ಹತ್ತಿದೆ.

ಮೊದಲ ದಿನ ಬಾಣ ಮುಟ್ಟಲೂ ಬಿಡಲಿಲ್ಲ. ಎರಡೂ ಅಂಗೈ ಚಾಚಿ, ನಡುವೆ ಸಣ್ಣ ಕಿಂಡಿ ಮಾಡಿ, ಆ ತೆಂಗಿನಮರ ನೋಡಿ ಅಂದರು ಮೇಷ್ಟ್ರು. ಎಡಗಣ್ಣು ಮುಚ್ಚಿದೆ, ಮರ ಮಾಯ! ಬಲಗೈಯವನಾದ ನನಗೆ ಗುರಿ ಹಿಡಿಯುವುದು ಎಡಗಣ್ಣು ಅಂತ 42 ವರ್ಷ ಗೊತ್ತೇ ಇರಲಿಲ್ಲ. ಹಾಗಾಗಿ ಬಿಲ್ಲು ಬಲಗೈಗೆ ಬಂತು, ಎಡಗೈಯಲ್ಲಿ ಎಳೆಯಬೇಕು. ಅಂಥ ಬಿಲ್ಲು ಅವರಲ್ಲಿ ಇದ್ದದ್ದು ಒಂದೇ, ಹೆದೆ ಎಳೆಯಲು 18 ಪೌಂಡ್ ಬಲ ಬೇಕಾದದ್ದು. ಅದಕ್ಕೆ ಇನ್ನೊಬ್ಬ ಹೈಸ್ಕೂಲ್ ಹುಡುಗ ಪಾಲುದಾರ. "ಅಂಕಲ್, ಬೇಗ ಬೇಗ" ಅಂತ ಬೆನ್ನ ಹಿಂದೆ ಅವನ ಕಾಟ. ಫೀಸು ತಗೊಂಡ ಮೇಲೆ ಇನ್ನೊಂದು ತರಿಸಬಹುದಿತ್ತು, ಅಲ್ವಾ?

ಶಿಸ್ತು ಮಾತ್ರ ಚೆನ್ನಾಗಿದೆ. ಮೂರು ಸಲ ಸೀಟಿ ಊದುವ ತನಕ ಯಾರೂ ಗೆರೆ ದಾಟಿ ಬಾಣ ತರಲು ಹೋಗುವಂತಿಲ್ಲ. ಕೈಪಟ್ಟಿ ಕಟ್ಟಿಕೊಳ್ಳಿ ಅಂತ ಹತ್ತು ಸಲ ಹೇಳುತ್ತಾರೆ. ಸೆಖೆ ಅಂತ ನಾನೇ ಸುಮ್ನೆ ಬಿಚ್ಚಿಟ್ಟೆ. ಹೆದೆ ಪಟೀರ್ ಅಂತ ಬಡಿದು ಮುಂಗೈ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಮನೆಯವಳು ಅರಿಶಿನ ಹಚ್ಚುತ್ತಾ ಬೈದದ್ದು ಬೇರೆ.

ನಾಲ್ಕನೇ ವಾರ 10 ಮೀಟರ್‌ನಿಂದ ಆರು ಬಾಣ ಬಿಟ್ಟೆ. ನಾಲ್ಕು ಹಲಗೆಯಲ್ಲಿದ್ದವು. ಉಳಿದೆರಡನ್ನು ಹುಲ್ಲಿನಲ್ಲಿ ಹುಡುಕಿಕೊಟ್ಟವನು ಅದೇ ಹುಡುಗ.