ಕಾರಿನ ಸ್ಕ್ರೀನಿಗೆ ಮ್ಯಾಟ್ ಗಾರ್ಡ್: ಎಲ್ಲಿ ಉಪಯೋಗ, ಎಲ್ಲಿ ದಂಡ

10.25 ಇಂಚಿನ ಟಚ್‌ಸ್ಕ್ರೀನುಗಳಿಗೆ ಸಿಗುವ ಮ್ಯಾಟ್ ಟೆಂಪರ್ಡ್ ಗಾರ್ಡ್ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಸನ್‌ರೂಫು, ಹಿಂದಿನ ಗಾಜು, ಮುಂದೆ ಕೂತವರ ಬಿಳಿ ಅಂಗಿ ಪರದೆಯ ಮೇಲೆ ಮೂಡಿಸುವ ಪ್ರತಿಬಿಂಬವನ್ನು ಅಳಿಸಿಬಿಡುತ್ತದೆ. ಬೆರಳಚ್ಚೂ ಅಷ್ಟಾಗಿ ಕಾಣುವುದಿಲ್ಲ. ಆದರೆ ಮ್ಯಾಟ್ ಮೇಲ್ಮೈ ಬೆಳಕನ್ನು ನುಂಗುವುದಿಲ್ಲ, ಚೆದುರಿಸುತ್ತದೆ ಅಷ್ಟೇ. ಇಳಿಬಿಸಿಲು ನೇರ ಪರದೆಗೇ ಬಿದ್ದಾಗ ಕಪ್ಪು ಭಾಗವೆಲ್ಲ ಬೂದಾಗಿ, ಡಾರ್ಕ್ ಮೋಡಿನ ಮ್ಯಾಪ್ ಓದಲಾಗುವುದಿಲ್ಲ. ಆಗ ಬಿಳಿ ಹಿನ್ನೆಲೆಯ ಡೇ ಮೋಡೇ ಗತಿ. ರಾತ್ರಿ ರಿವರ್ಸ್ ಕ್ಯಾಮೆರಾದ ಚಿತ್ರವೂ ತುಸು ಮೆತ್ತಗಾಗುತ್ತದೆ. ಪ್ರತಿಫಲನವೇ ಕಡಿಮೆಯಾಗಬೇಕಿದ್ದರೆ ಎಆರ್ (ಆಂಟಿ-ರಿಫ್ಲೆಕ್ಟಿವ್) ಕೋಟಿಂಗಿನ ಗಾಜು ತೆಗೆದುಕೊಳ್ಳಿ. ಬೆಲೆ ಜಾಸ್ತಿ, ಬೆರಳಚ್ಚೂ ಎದ್ದು ಕಾಣುತ್ತದೆ, ಆದರೂ ನಮ್ಮ ಓಟು ಅದಕ್ಕೇ.

ಯಾವುದೇ ಕೊಂಡರೂ ಮೊದಲು ಗೋಂದು ನೋಡಿ. ಅಂಚಿಗಷ್ಟೇ ಗೋಂದಿರುವ ಅಗ್ಗದ ಗಾರ್ಡ್ ಬೇಡವೇ ಬೇಡ. ಗಾಜು ಗಾಳಿಗೆ ತಾಗುವ ಪ್ರತಿ ಮೇಲ್ಮೈಯಲ್ಲೂ ಸುಮಾರು ಶೇ 4ರಷ್ಟು ಬೆಳಕು ಹಿಂದಿರುಗುತ್ತದೆ. ಗಾರ್ಡಿನಡಿ ಗಾಳಿ ಉಳಿದರೆ ಅಂಥ ಎರಡು ಮೇಲ್ಮೈ ಹೊಸದಾಗಿ ಹುಟ್ಟುತ್ತವೆ, ಅಂದರೆ ಇನ್ನೂ ಶೇ 8ರಷ್ಟು ಹೊಳಪು. ಹೊಳಪು ತಗ್ಗಿಸಲು ಕೊಂಡದ್ದೇ ಹೊಳಪು ಹೆಚ್ಚಿಸುತ್ತದೆ, ಟಚ್ ಕೂಡ ಸತಾಯಿಸುತ್ತದೆ. ‘ಫುಲ್ ಗ್ಲೂ’ ಎಂದು ಕೇಳಿಯೇ ಕೊಳ್ಳಿ. ಪರದೆ ಬಾಗಿದ್ದರೆ ಗಾಜು ಅಂಚಿನಲ್ಲಿ ಏಳುತ್ತದೆ. ಅಲ್ಲಿಗೆ ಫಿಲ್ಮೇ ಸರಿ.

ಪಕ್ಕದವರಿಗೆ ಪರದೆ ಕಾಣದಂತೆ ಮಾಡುವ ಪ್ರೈವಸಿ ಫಿಲ್ಮ್ ಕಾರಿಗೆ ಬೇಡ. ಅದರೊಳಗಿನ ಸೂಕ್ಷ್ಮ ಕಪ್ಪು ಪಟ್ಟಿಗಳು ನೇರ ನೋಟದಿಂದ ಎಡಬಲಕ್ಕೆ ಸುಮಾರು 30 ಡಿಗ್ರಿ ದಾಟಿದರೆ ಬೆಳಕು ತಡೆಯುತ್ತವೆ. ನಡುವಿನ ಪರದೆಯನ್ನು ಡ್ರೈವರ್ ನೋಡುವುದೇ ಹೆಚ್ಚುಕಡಿಮೆ ಅಷ್ಟು ಓರೆಯಲ್ಲಿ, ಹಾಗಾಗಿ ಅವರಿಗೂ ಪರದೆ ಕತ್ತಲಾಗುತ್ತದೆ. ಕಾರು ಕಂಪನಿಗಳು ಹಾಕುವ ಲೈಟ್ ಕಂಟ್ರೋಲ್ ಫಿಲ್ಮಿನ ಲೆಕ್ಕ ಬೇರೆ: ಪಟ್ಟಿಗಳನ್ನು ಅಡ್ಡಲಾಗಿಟ್ಟು, ಪರದೆಯ ಬೆಳಕು ಮೇಲಕ್ಕೇರಿ ರಾತ್ರಿ ಮುಂದಿನ ಗಾಜಿನಲ್ಲಿ ಮೂಡದಂತೆ ತಡೆಯುತ್ತಾರೆ.

ಅಂಟಿಸುವಾಗ ಕಾರು ನೆರಳಲ್ಲಿರಲಿ, ಪರದೆ ತಣ್ಣಗಿರಲಿ, ಎಸಿ ಬ್ಲೋವರ್ ಆಫ್ ಇರಲಿ. ಗಾಳಿ ಆಡಿದರೆ ಧೂಳು ಬಂದು ಕೂತು, ಒಂದೊಂದು ಕಣದ ಸುತ್ತಲೂ ಗುಳ್ಳೆ ಏಳುತ್ತದೆ. ಒದ್ದೆ ಮೈಕ್ರೋಫೈಬರಿನಲ್ಲಿ ಒರೆಸಿ, ಒಣಬಟ್ಟೆ ಆಡಿಸಿ, ಉಳಿದ ಧೂಳನ್ನು ಟೇಪಿನಿಂದ ಎತ್ತಿ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕಂಪನಿಯ ಕೋಟಿಂಗನ್ನು ಕೆಡಿಸಬಲ್ಲದು, ಅದನ್ನು ಮುಟ್ಟಬೇಡಿ. ಒಂದು ಅಂಚು ಕೂರಿಸಿ ಕೈಬಿಡಿ, ಗೋಂದು ತಾನೇ ಹರಡಿಕೊಳ್ಳುತ್ತದೆ.

ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕುವವರು ಅಂಗಡಿಯಲ್ಲಿ ಅಂಟಿಸಿಟ್ಟ ಸ್ಯಾಂಪಲನ್ನು ಅದೇ ಕನ್ನಡಕದಲ್ಲಿ, ತಲೆ ವಾಲಿಸಿಯೂ ನೋಡಿ. ಕೆಲವು ಪ್ಲಾಸ್ಟಿಕ್ ಫಿಲ್ಮುಗಳಲ್ಲಿ ಬಣ್ಣಬಣ್ಣದ ಕಲೆ ಕಾಣುತ್ತದೆ.