ಜತ್ತ, ಅಕ್ಕಲಕೋಟದ ಬಿಸಿಲಿಗೆ ಬಿಳಿ ಕೂಲ್‌ರೂಫ್ ಬಣ್ಣ

ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದವರ ಗೋಳು ಒಂದೇ: ರಾತ್ರಿ ಹನ್ನೊಂದಾದರೂ ಚಾವಣಿಯ ಕಾವು ಇಳಿಯುವುದಿಲ್ಲ. ಅಂಥ ಮನೆಗೆ ಅಕ್ರಿಲಿಕ್ ಕೂಲ್‌ರೂಫ್ ಬಣ್ಣ ಕೊಟ್ಟ ದುಡ್ಡಿಗೆ ಮೋಸ ಮಾಡದು. ಹೊಸತರಲ್ಲಿ ಬಿಸಿಲಿನ ಸುಮಾರು 80% ಹಿಂದಕ್ಕೆ ಹೊಡೆಯುತ್ತದೆ. ಬರಿ ಕಾಂಕ್ರೀಟ್‌ಗೆ ಅದರ ಅರ್ಧವೂ ಆಗದು.

ಕೆಡುವುದು ಹಚ್ಚುವಾಗ. ಪಾಚಿ, ಧೂಳು ವೈರ್ ಬ್ರಷ್‌ನಿಂದ ತಿಕ್ಕಿ ತೊಳೆದ ಮೇಲೆ ಸ್ಲ್ಯಾಬ್ ಪೂರ್ತಿ ಒಣಗಲೇಬೇಕು. ಹಸಿ ಉಳಿದರೆ ಆವಿಯೆದ್ದು ಬಣ್ಣ ಗುಳ್ಳೆ ಕಟ್ಟಿ ಸಿಪ್ಪೆಯಂತೆ ಸುಲಿಯುತ್ತದೆ. ಬಿರುಕಿಗೆ ಫಿಲ್ಲರ್ ತುಂಬಿ, ನೀರು ಬೆರೆಸಿದ ತೆಳು ಕೋಟ್ ಕೊಡಿ. ಅದರ ಮೇಲೆ ಎರಡು ದಪ್ಪ ಕೋಟ್, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ನಡುವೆ 4–6 ತಾಸು. ಮಧ್ಯಾಹ್ನ ಬೇಡವೇ ಬೇಡ. ಕಾದ ಸ್ಲ್ಯಾಬ್ ಮೇಲೆ ಬಣ್ಣ ಹಿಡಿಯುವ ಮೊದಲೇ ಒಣಗುತ್ತದೆ. 20 ಲೀಟರ್ ಡಬ್ಬಿ ಎರಡು ಕೋಟ್‌ಗೆ ಸುಮಾರು 400 ಚದರಡಿ. ಅದನ್ನೇ 800ಕ್ಕೆ ಎಳೆಯುವ ಪೇಂಟರ್‌ಗೆ ಕೆಲಸ ಕೊಡಬೇಡಿ.

ಸುಣ್ಣ ಅಗ್ಗ, ಆದರೆ ಮಳೆಗೆ ತೊಳೆದುಹೋಗುತ್ತದೆ. ಬಾಡಿಗೆ ಮನೆಗೆ ಅದೇ ಸಾಕು. ಧೂಳು ಕೂತರೆ ಬಿಳುಪಿನ ಜೊತೆ ತಂಪೂ ಹೋಗುವುದರಿಂದ ಪ್ರತಿ ಫೆಬ್ರುವರಿಯಲ್ಲಿ ಚಾವಣಿ ತೊಳೆಯಿರಿ. ಪಡುವಣ ಗೋಡೆಯ ಕಾವಿಗೆ ಈ ಬಣ್ಣ ಮದ್ದಲ್ಲ, ಅಲ್ಲಿ ನೆರಳೇ ಬೇಕು.